ಆಡಳಿತ ಮಂಡಳಿ ಮುಂದ ಹತ್ತು ನಿಮಿಷ ಸಿಕ್ಕದ, ಸಾಲಿಗಿ ನರ್ಸ್ ಯಾಕ್ ಬೇಕಂತ ಹೆಂಗ್ ಹೇಳ್ಲಿ?

ಸಾಲಿ_ಸಿಸ್ಟರ್ (ಕಲಬುರಗಿ)

ಎಲ್ಲರಿಗೂ ನಮಸ್ಕಾರ ರೀ. ನಾ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮಾಡೀನಿ, ಮೊದಲ ನಾಕ್ ವರ್ಷ ಪ್ರೈವೇಟ್ ದವಾಖಾನ್ಯಾಗ ಇದ್ದೆ, ಈಗ ಮೂರು ವರ್ಷ ಆಯ್ತು ಕಲಬುರಗ್ಯಾಗ ಒಂದ್ ಸಾಲ್ಯಾಗ ನರ್ಸ್ ಅಂತ ಇದ್ದೀನಿ. ಕೆಳಗಿನ ಕ್ಲಾಸ್ ಅನ್‌ಏಡೆಡ್, ಹೈಸ್ಕೂಲ್ ಏಡೆಡ್, ಎರಡೂ ಕೂಡಿ 620 ಹುಡುಗರು. ನನ್ ಪಗಾರ 14 ಸಾವಿರ, ಅದು ಸಂಸ್ಥಾದವರೇ ಕೊಡ್ತಾರ.

ಈಗ ಏನಾಗ್ಯಾದಂದ್ರ ಮುಂದಿನ ವರ್ಷದ ಖರ್ಚು ನೋಡ್ಕೋತ ಒಬ್ಬರು ಮೆಂಬರ್ "ಆಕಿ ದಿನಾ ಕುಂತೇ ಇರ್ತಾಳಲ್ಲ, ಫಸ್ಟ್ ಏಡ್ ಡಬ್ಬಿ ಪಿಟಿ ಮಾಸ್ತರ್ ಕೈಯಾಗ ಕೊಟ್ರ ಆಯ್ತು" ಅಂದಾರಂತ. ಹೆಡ್ ಮೇಡಂ ಚೊಲೋ ಮನುಷ್ಯಾಳು, ಹಂಗ ಕಡೀಗಿ ಹಾಕಬ್ಯಾಡ್ರಿ ಒಮ್ಮೆ ಆಕಿ ಮಾತೂ ಕೇಳ್ರಿ ಅಂತ ಹೇಳಿ ಬರೋ ಶನಿವಾರ ಮೀಟಿಂಗ್‌ದಾಗ ನನಗ ಹತ್ತು ನಿಮಿಷ ಕೊಡಿಸ್ಯಾರ. ಇಂಜೆಕ್ಷನ್ ಮಾಡಂದ್ರ ಮಾಡ್ತೀನಿ, ಆದ್ರ ಎಂಟು ಮಂದಿ ಹಿರೇರ ಮುಂದ ನಿಂತು ಮಾತಾಡಂದ್ರ ಕೈ ಕಾಲು ತಣ್ಣಗಾಗ್ತಾವ. ನಿನ್ನೆ ರಾತ್ರಿ ಬರೀಲಕ ಕುಂತೆ, "ಆರೋಗ್ಯವೇ ಭಾಗ್ಯ" ಅಂತ ಶುರು ಮಾಡಿ ನನಗೇ ನಗಿ ಬಂದು ಹರಿದು ಒಗದೆ.

ಕೆಲಸ ಏನ್ ಮಾಡ್ತೀನಿ ಅಂದ್ರ ಒಂದ್ ಉದಾಹರಣಿ ಹೇಳ್ತೀನಿ. ಪ್ರಾರ್ಥನಾ ಟೈಮಿಗಿ ಹುಡುಗ್ಯಾರು ಚಕ್ಕರ್ ಬಂದು ಬೀಳ್ತಿದ್ರು, ಎಲ್ಲರೂ ಬಿಸಲು ಬಿಸಲು ಅಂತಿದ್ರು. ನಾ ಬಂದ ವರ್ಷ ಯಾರ್ ಬಿದ್ರು, ಯಾವ ಊರಿಂದ ಬಂದ್ರು, ಮುಂಜಾನಿ ಏನ್ ತಿಂದ್ರು ಅಂತ ಬರ್ಕೋತ ಹೋದೆ. ನೋಡಿದ್ರ ಬಾಳ ಮಂದಿ ಹಳ್ಳಿಯಿಂದ ಮೊದಲನೇ ಬಸ್ಸಿಗಿ ಬರೋರು, ಚಾ ಮತ್ತ ಎರಡು ಬಿಸ್ಕಿಟ್ ಮ್ಯಾಲ ಬಂದಿರ್ತಾರ, ಎಂಟೂವರಿಗಿ ಪ್ರಾರ್ಥನಾದಾಗ ನಿಲ್ಲೋದ್ರಾಗ ಅದು ಕರಗಿ ಹೋಗಿರ್ತದ. ಆ ಹುಡುಗರ ಮನಿಯವರಿಗಿ ಫೋನ್ ಮಾಡಿ ಚೀಲದಾಗ ಒಂದ್ ಶೇಂಗಾ ಉಂಡಿ ಹಾಕಿ ಕಳಸ್ರಿ, ಬಸ್ಸಿನ್ಯಾಗೇ ತಿನ್ಲಿ ಅಂದೆ. ಬೀಳೋದು ಬಂದಾದಂಗೇ ಆಯ್ತು. ಈಗ ಇದನ್ನ ಮೀಟಿಂಗ್‌ದಾಗ ಹೇಳಿದ್ರ "ಶೇಂಗಾ ಉಂಡಿ ತಿನ್ನು ಅಂತ ಹೇಳ್ಲಕ 14 ಸಾವಿರ ಏನು" ಅಂತಾರ, ಅದೇ ನನ್ ಸಮಸ್ಯಾ.

ಯಾರಾದ್ರೂ ಸಾಲಿ ಕಮಿಟ್ಯಾಗ ಇದ್ದೋರು, ಮಾಸ್ತರ್ ಮಂದಿ ಇದ್ರ ಹೇಳ್ರಿ. ಏನ್ ಮೊದಲ ಹೇಳ್ಲಿ, ಏನ್ ಬಿಡ್ಲಿ?

ಖಜಾಂಚಿ_ಕಾಕಾ (ಹುಮನಾಬಾದ್)

ತಂಗೀ, ನಾನು ಆ ಕಡಿ ಕುರ್ಚಿ ಮ್ಯಾಲ ಕೂಡೋನು. ಇಲ್ಲಿ ಒಂದ್ ಸಣ್ಣ ಸಂಸ್ಥಾದ ಲೆಕ್ಕ 11 ವರ್ಷದಿಂದ ನೋಡ್ಲತ್ತೀನಿ, ಅದಕ್ಕ ಬಿಚ್ಚಿ ಹೇಳ್ತೀನಿ, ಬೇಜಾರಾಗಬ್ಯಾಡ.

ಕಮಿಟಿ ಮಂದಿ ಕೆಟ್ಟವರಲ್ಲ, ಆದ್ರ ಅವರಿಗಿ ನಿನ್ ಕೆಲಸ ಕಾಣಂಗಿಲ್ಲ. ಯಾಕ್ ಕಾಣಲ್ಲಂದ್ರ ನೀ ಚಂದ ಮಾಡಿದ ದಿನ ಏನೂ ಆಗಿರಂಗಿಲ್ಲ. ಏನೂ ಆಗಲಾರದ್ದಕ್ಕ ಯಾರು ರೊಕ್ಕ ಕೊಡ್ತಾರ ಹೇಳು? ಹಂಗಾಗಿ ಆಗಲಾರದ್ದನ್ನ ಬಿಡು, ಆಗ್ತಿದ್ದದ್ದರ ಹಿಸಾಬು ತಗದು ಅವರ ಮುಂದ ಇಡು. ನೀ ಬರೋಕಿಂತ ಮೊದಲ ಹುಡುಗ ಬಿದ್ದು ತಲಿ ಒಡಕೊಂಡ್ರ ಏನಾಗ್ತಿತ್ತು? ಪಿಟಿ ಮಾಸ್ತರ್ ಗಾಡಿ ಮ್ಯಾಲ ಕುಂದರಿಸ್ಕೊಂಡು ದವಾಖಾನಿಗಿ ಹೋಗ್ತಿದ್ದ, ಹಿಂದ ಇನ್ನೊಬ್ಬ ಮಾಸ್ತರ್ ಹುಡುಗನ್ನ ಹಿಡ್ಕೊಂಡು ಕೂಡ್ತಿದ್ದ, ಇಬ್ಬರೂ ಎರಡೆರಡು ಪಿರಿಯಡ್ ಇಲ್ಲ, ಅಂದ್ರ ನಾಕ್ ಪಿರಿಯಡ್ ಹೋದ್ವು, ಒಂದ್ ಕ್ಲಾಸಿಗಿ 50 ಹುಡುಗರು ಅಂದ್ರೂ ಲೆಕ್ಕ ನೀನೇ ಹಾಕು. ಹಳೇ ಹಾಜರಿ ಪುಸ್ತಕ, ಮೂವ್‌ಮೆಂಟ್ ರಿಜಿಸ್ಟರ್ ಹೆಡ್ ಮೇಡಂ ಕಡಿಂದ ಇಸ್ಕೋ, ಯಾವ ಮಾಸ್ತರ್ ಯಾವತ್ತು ಯಾತಕ್ಕ ಹೊರಗ ಹೋಗ್ಯಾರ ಅಂತ ಅದ್ರಾಗ ಇರ್ತದ. ಅದು ನಿನ್ ಬಾಯಿ ಮಾತಲ್ಲ, ಸಾಲಿ ಕಾಗದ.

ಎರಡನೇದು, ಪಗಾರ ಎಷ್ಟು ಅನ್ನೋದು ಮುಚ್ಚಿ ಇಟ್ಟು ಕಡೀಗಿ ಹೇಳಬ್ಯಾಡ, ನೀ ಮಾತಾಡೋ ತನಕ ಅವರ ತಲ್ಯಾಗ ಅದೇ ಓಡ್ತಿರ್ತದ. ಮೊದಲನೇ ನಿಮಿಷದಾಗೇ ಹೇಳ್ಬಿಡು. 14 ಸಾವಿರ ಅಂದ್ರ ವರ್ಷಕ್ಕ 1,68,000, 620 ಹುಡುಗರಿಗಿ ಭಾಗಿಸಿದ್ರ ಒಂದ್ ಹುಡುಗನಿಗಿ ವರ್ಷಕ್ಕ 271 ರೂಪಾಯಿ, ತಿಂಗಳಿಗಿ 23 ರೂಪಾಯಿ ಸುದ್ಧಾ ಬೀಳಂಗಿಲ್ಲ. ಈ ಒಂದ್ ಲೈನ್ ಕೇಳಿದ ಕೂಡ್ಲೇ ಅರ್ಧ ಮಂದಿ ಮೊಬೈಲ್ ತಳಗ ಇಡ್ತಾರ, ನೋಡ್ಬೇಕಾರ.

ಮತ್ತ ಆ ಶೇಂಗಾ ಉಂಡಿ ಮಾತು ಬಿಡಬ್ಯಾಡ ಮಾರಾಯ್ತಿ. ಅದೇ ಖರೇ ಮಾಲು. ಪಿಟಿ ಮಾಸ್ತರ್ ಬಿದ್ದ ಹುಡುಗಿಗಿ ನೀರು ಚಿಮುಕಿಸಿ ಎಬ್ಬಸ್ತಾನ, ನೀ ಯಾಕ್ ಬಿದ್ಲು ಅಂತ ಹುಡುಕಿದಿ. ಆ ಫರಕ್ ತೋರ್ಸು.

ಗಣಿತ_ಮಾಸ್ತರ್ (ಔರಾದ್ ಕಡಿ)

ಕಾಕಾ ಹೇಳಿದ್ದು ಬರೋಬ್ಬರಿ ಅದ. ನಮ್ಮ ಸಾಲ್ಯಾಗ ನರ್ಸ್ ಇಲ್ಲ, ನಾನೇ ನರ್ಸು ನಾನೇ ಕಂಪೌಂಡರು, ಯಾಕಂದ್ರ ಡಬ್ಬಿ ಕೀಲಿ ನನ್ ಕಡಿ ಅದ ಅಷ್ಟೇ. ಎರಡು ವರ್ಷದ ಹಿಂದ ಎಂಟನೇ ಕ್ಲಾಸ್ ಹುಡುಗಿ ಸರ್ ತಲಿ ಬ್ಯಾನಿ ಅಂತ ಬಂದ್ಲು, ಪಾಪ ಅಂತ ಡಬ್ಯಾಗಿದ್ದ ಗುಳಗಿ ಕೊಟ್ಟೆ, ಮಧ್ಯಾನ ಮೈತುಂಬ ದದ್ದು ಎದ್ದಾವ, ತುಟಿ ಬಾತಾವ. ಆಕಿಗಿ ಆ ಗುಳಗಿ ಆಗಿಬರಲ್ಲ ಅಂತ ನನಗೇನ್ ಗೊತ್ತು, ಕೇಳ್ಬೇಕು ಅಂತ ಸುದ್ಧಾ ಹೊಳೀಲಿಲ್ಲ. ದೇವ್ರ ದಯಾ, ದವಾಖಾನಿಗಿ ಒಯ್ದ ಮ್ಯಾಲ ಆರಾಮಾದ್ಲು, ಅವರಪ್ಪ ಬಂದು ಬೈದು ಹೋದ, ಅವನ ತಪ್ಪೇನಿಲ್ಲ. ಅವತ್ತಿಂದ ಆ ಡಬ್ಯಾಗ ಹತ್ತಿ, ಬ್ಯಾಂಡೇಜು, ಓಆರ್‌ಎಸ್ ಬಿಟ್ರ ಏನೂ ಇಟ್ಟಿಲ್ಲ.

ಸಿಸ್ಟರ್, ನಿಮ್ಮ ಕಡಿ ಯಾವ ಹುಡುಗನಿಗಿ ಏನ್ ಆಗಿಬರಲ್ಲ, ಯಾರಿಗಿ ಫಿಟ್ಸ್ ಅದ, ಯಾರಿಗಿ ದಮ್ಮು ಅದ ಅನ್ನೋ ಪಟ್ಟಿ ಇದ್ದೇ ಇರ್ತದ. ಅದು ಅದ ಅಂತ ಹೇಳ್ರಿ. ಹೆಸರು ಮಾತ್ರ ಓದಬ್ಯಾಡ್ರಿ, ಕಮಿಟ್ಯಾಗ ಇದ್ದೋರೆಲ್ಲ ಊರವರೇ, ಸಂಜಿಗಿ ಚಾ ಅಂಗಡ್ಯಾಗ ಆ ಹುಡುಗಿಗಿ ಫಿಟ್ಸ್ ಅದಂತ ಅಂತ ಶುರುವಾಗ್ತದ, ನಾಳೆ ಲಗ್ನದ ಮಾತಿಗಿ ಅಡ್ಡ ಬರ್ತದ.

ಶಹಾಪುರದ_ತಾಯಿ

ಅಕ್ಕಾ ನಾ ಸುಮ್ನ ಓದಿ ಹೋಗೋಕಿ, ಇದಕ್ಕ ಮಾತ್ರ ಬರೀಬೇಕನಿಸ್ತು. ನನ್ ಮಗ ನಾಕನೇ ಕ್ಲಾಸು, ಟೈಪ್ 1 ಶುಗರ್ ಅದ, ಆರು ವರ್ಷ ಇದ್ದಾಗಿಂದ ಇನ್ಸುಲಿನ್. ಮೊದಲಿನ ಸಾಲ್ಯಾಗ ಜವಾಬ್ದಾರಿ ನಮ್ಮದಲ್ಲ ಅಂತ ಬರಸ್ಕೊಂಡ್ರು, ಹಂಗಾಗಿ ದಿನಾ ಮಧ್ಯಾನ ಊಟದ ಬೆಲ್ಲಿಗಿ ನಾನೇ ಹೋಗಿ ಶುಗರ್ ನೋಡಿ ಇನ್ಸುಲಿನ್ ಕೊಟ್ಟು ಬರ್ತಿದ್ದೆ, ಟೇಲರಿಂಗ್ ಅಂಗಡಿ ಒಂದೂವರಿ ತಾಸು ಬಂದ್. ಒಂದಿನ ಬಸ್ಸು ತಡ ಆಯ್ತು, ಅವನು ಕಾದೂ ಕಾದೂ ಊಟ ಮಾಡ್ಲಾರದ ಕುಂತಿದ್ದ, ಹೋಗಿ ನೋಡೋದ್ರಾಗ ಶುಗರ್ ಇಳಿದು ಮೈಯೆಲ್ಲ ಬೆವತು ಕೈ ನಡಗ್ಲತ್ತಿತ್ತು. ಸಕ್ರಿ ನೀರು ಕುಡಿಸಿ ಹದಿನೈದು ನಿಮಿಷ ಬಿಟ್ಟು ಮತ್ತ ನೋಡ್ಬೇಕು ಅಂತ ಅಲ್ಲಿ ಒಬ್ಬರಿಗೂ ಗೊತ್ತಿಲ್ಲ, ಮಲಗಿಸಿದ್ರು ಅಷ್ಟೇ.

ಈಗ ನರ್ಸ್ ಇರೋ ಸಾಲಿಗಿ ಹಾಕೀನಿ, ಫೀಸ್ ಜಾಸ್ತಿ ಅದ, ಇರ್ಲಿ. ತಂಗಿ ಮಗಳನ್ನೂ ಅಲ್ಲೇ ಹಾಕಿದ್ವಿ. ನಿಮ್ಮ ಕಮಿಟಿಯವರಿಗಿ ಇದು ಹೇಳ್ರಿ, ನರ್ಸ್ ಇದ್ದಾಳ ಅಂತ ಅಡ್ಮಿಷನ್ ಮಾಡ್ಸೋ ಮಂದಿ ಇದ್ದಾರ. ಅಲ್ಲಿ ಸಿಸ್ಟರ್ ಜಾಣಿ, ಕರೆಂಟ್ ಹೋದ್ರ ಫ್ರಿಜ್ ನಂಬಲ್ಲ, ಚಾಲೂ ಇರೋ ಇನ್ಸುಲಿನ್ ಪೆನ್ನು ಒಂದ್ ಸಣ್ಣ ಡಬ್ಯಾಗ ಹಾಕಿ ಮಣ್ಣಿನ ಮಡಕ್ಯಾಗ ಇಡ್ತಾಳ, ಹೊರಗಿಂದ ಒಂದ್ ಹಸಿ ಬಟ್ಟಿ ಸುತ್ತಿ. ಏಪ್ರಿಲ್ ಬಿಸಲು 42 ದಾಟ್ತದಲ್ಲ ನಮ್ಮ ಕಡಿ, ಆ ಔಷಧಿಗಿ 30ರ ಮ್ಯಾಲ ಝಳ ತಡ್ಯಂಗಿಲ್ಲ.

ಆಯುಷ್_ಡಾಕ್ಟರ್ (ಯಾದಗಿರಿ)

ನಾನು ಆರ್‌ಬಿಎಸ್‌ಕೆ, ಅಂದ್ರೆ ಮಕ್ಕಳ ಆರೋಗ್ಯ ತಪಾಸಣೆ ಮಾಡೋ ಸರ್ಕಾರಿ ಕಾರ್ಯಕ್ರಮದ ಟೀಮಲ್ಲಿ ಕೆಲಸ ಮಾಡ್ತೀನಿ, ಮೂಲತಃ ತುಮಕೂರು ಕಡೆಯವನು, ಭಾಷೆ ಸ್ವಲ್ಪ ಬೇರೆ, ಅಡ್ಜಸ್ಟ್ ಮಾಡ್ಕೊಳ್ಳಿ. ನಿಮ್ಮ ಮೀಟಿಂಗಲ್ಲಿ ಗ್ಯಾರಂಟಿ ಬರೋ ಪ್ರಶ್ನೆ ಒಂದಿದೆ: "ಸರ್ಕಾರದ ಡಾಕ್ಟರ್ ಬಂದು ಚೆಕಪ್ ಮಾಡ್ತಾರಲ್ಲ, ನೀವ್ಯಾಕೆ?" ಅದಕ್ಕೆ ಉತ್ತರ ರೆಡಿ ಇಟ್ಕೊಳ್ಳಿ. ಈ ಕಾರ್ಯಕ್ರಮ 2013ರಲ್ಲಿ ಶುರುವಾಗಿದ್ದು, ಹುಟ್ಟಿದ ಮಗುವಿಂದ 18 ವರ್ಷದವರೆಗೂ ನೋಡ್ತೀವಿ, ಟೀಮಲ್ಲಿ ಇಬ್ಬರು ಆಯುಷ್ ಡಾಕ್ಟರು, ಒಬ್ಬರು ನರ್ಸ್, ಒಬ್ಬರು ಫಾರ್ಮಸಿಸ್ಟ್. ಆದ್ರೆ ಶಾಲೆಗೆ ಬರೋದು ವರ್ಷಕ್ಕೆ ಒಂದು ಸಲ, ಅದೂ ಸರ್ಕಾರಿ ಮತ್ತೆ ಅನುದಾನಿತ ಶಾಲೆಗೆ. ನಿಮ್ಮ ಕೆಳಗಿನ ತರಗತಿಗಳು ಅನುದಾನರಹಿತ ಅಂದ್ರಲ್ಲ, ಆ ಮಕ್ಕಳು ಇದರ ಲೆಕ್ಕದಲ್ಲೇ ಬರಲ್ಲ.

ಇನ್ನು ನಾವು ನೋಡಿ ಕಣ್ಣು ಸರಿ ಇಲ್ಲ, ಕಿವಿ ಸೋರ್ತಿದೆ, ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋಗಿ ಅಂತ ಚೀಟಿ ಬರೆದು ಕೊಡ್ತೀವಿ. ಆ ಚೀಟಿ ಏನಾಗತ್ತೆ ಗೊತ್ತಾ, ಮುಂದಿನ ವರ್ಷ ಹೋದಾಗ ಅದೇ ಹುಡುಗನ ಬ್ಯಾಗ್ ತಳದಲ್ಲಿ ಮಡಚಿಕೊಂಡು ಹಂಗೇ ಇರತ್ತೆ. ಫಾಲೋಅಪ್ ಮಾಡೋಕೆ ದಿನಾ ಅದೇ ಶಾಲೆಯಲ್ಲಿ ಇರೋ ಒಬ್ಬರು ಬೇಕು.

ಕಬ್ಬಿಣದ ಮಾತ್ರೆ ಕಥೆನೂ ಅದೇ. ಹೈಸ್ಕೂಲ್ ಮಕ್ಕಳಿಗೆ ವಾರಕ್ಕೊಂದು ನೀಲಿ ಮಾತ್ರೆ, 60 ಮಿಲಿಗ್ರಾಂ ಕಬ್ಬಿಣ ಇರತ್ತೆ. ಒಂದು ಶಾಲೆಯಲ್ಲಿ ಕಿಟಕಿ ಹೊರಗೆ ಬೇವಿನ ಮರದ ಬುಡದಲ್ಲಿ ನೀಲಿ ಮಾತ್ರೆ ಚೆಲ್ಲಾಡಿದ್ವು, ಮಳೆಗೆ ಬಣ್ಣ ಬಿಟ್ಟಿದ್ವು. ಖಾಲಿ ಹೊಟ್ಟೇಲಿ ತಗೊಂಡು ವಾಕರಿಕೆ ಬಂದಿದೆ, ಮಲ ಕಪ್ಪಗಾಗಿದೆ ಅಂತ ಹೆದರಿದಾರೆ, ಊಟ ಆದ್ಮೇಲೆ ತಗೊಳ್ಳಿ, ಕಪ್ಪಗಾಗೋದು ಮಾಮೂಲು ಅಂತ ಹೇಳೋರು ಯಾರೂ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59.1 ಮಂದಿಗೆ ರಕ್ತಹೀನತೆ. ನಿಮ್ಮ ಹತ್ತನೇ ಕ್ಲಾಸ್ ಹುಡುಗೀರು ರಿಸಲ್ಟ್ ತರಬೇಕು ಅಂದ್ರೆ ಆ ಮಾತ್ರೆ ಹೊಟ್ಟೆಗೆ ಹೋಗ್ಬೇಕು, ಮರದ ಬುಡಕ್ಕಲ್ಲ.

ಓದೋ ಮೆಂಬರ್ ಯಾರಾದ್ರೂ ಇದ್ರೆ ಇನ್ನೊಂದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2009-10ರ ಶಾಲಾ ವರ್ಷದ ಲೆಕ್ಕ ತಗೊಂಡು ಮಾಡಿದ ಅಧ್ಯಯನ 2014ರಲ್ಲಿ ಮಕ್ಕಳ ವೈದ್ಯರ ಜರ್ನಲ್‌ನಲ್ಲಿ ಬಂತು, ಶಾಲಾ ನರ್ಸ್‌ಗೆ ಹಾಕಿದ ಒಂದೊಂದು ಡಾಲರಿಗೆ 2.20 ಡಾಲರ್ ವಾಪಸ್ ಅಂತ.

ಖಜಾಂಚಿ_ಕಾಕಾ (ಹುಮನಾಬಾದ್)

ಡಾಕ್ಟರ್ ಸಾಬ್, ಮಾತು ಖರೇ ಇರ್ಬಹುದು, ಆದ್ರ ಡಾಲರ್ ಅಂದ ಕೂಡ್ಲೇ ನಮ್ಮ ಕಮಿಟ್ಯಾಗ ಒಬ್ಬ ನಗ್ತಾನ, ಅವನ ನಗಿ ನೋಡಿ ನಾಕ್ ಮಂದಿ ನಗ್ತಾರ, ಹತ್ತು ನಿಮಿಷದಾಗ ಮೂರು ನಿಮಿಷ ಹೋಯ್ತು.

ಆಯುಷ್_ಡಾಕ್ಟರ್ (ಯಾದಗಿರಿ)

ಹ್ಹ ಹ್ಹ, ಅದೂ ಸರಿ. ಡಾಲರ್ ಬಿಡಿ, ಅವರು ಲೆಕ್ಕ ಹಾಕಿದ ರೀತಿ ನೋಡಿ. ನರ್ಸ್‌ಗಳಿಗೆ ಆದ ಖರ್ಚು 7.9 ಕೋಟಿ ಡಾಲರ್. ಆಸ್ಪತ್ರೆ ಖರ್ಚು ಉಳಿದದ್ದು ಬರೀ 2 ಕೋಟಿ, ಅಪ್ಪ ಅಮ್ಮ ಕೆಲಸ ಬಿಟ್ಟು ಬರೋದು ತಪ್ಪಿದ್ದು 2.81 ಕೋಟಿ, ಟೀಚರ್‌ಗಳ ಟೈಮ್ ಉಳಿದದ್ದು 12.91 ಕೋಟಿ! ಅಂದ್ರೆ ದೊಡ್ಡ ಲಾಭ ಔಷಧಿಯಲ್ಲಲ್ಲ, ಪಾಠ ನಿಲ್ಲದೆ ಇರೋದ್ರಲ್ಲಿ. ನೀವು ಮೊದಲೇ ಹೇಳಿದ ನಾಕ್ ಪಿರಿಯಡ್ ಲೆಕ್ಕನೇ ಅದು, ಶಹಾಪುರದ ಅಮ್ಮನ ಟೇಲರಿಂಗ್ ಅಂಗಡಿನೂ ಅದರೊಳಗೇ ಬಂತು.

ಖಜಾಂಚಿ_ಕಾಕಾ (ಹುಮನಾಬಾದ್)

ಹಂಗಂದ್ರ ಮಾತು ಬ್ಯಾರೆ. ತಂಗೀ, ಮೂವ್‌ಮೆಂಟ್ ರಿಜಿಸ್ಟರ್ ಝೆರಾಕ್ಸ್ ತಪ್ಪಸಬ್ಯಾಡ.

ಸಾಲಿ_ಸಿಸ್ಟರ್ (ಕಲಬುರಗಿ)

ಎಲ್ಲರಿಗೂ ಬಾಳ ಥ್ಯಾಂಕ್ಸ್ ರೀ, ಮೀಟಿಂಗ್ ಮುಗೀತು, ಅದಕ್ಕ ಬರೀಲತ್ತೀನಿ. ಹತ್ತು ನಿಮಿಷ ಅಂದಿದ್ರು, ನನ್ನ ಸರ್ತಿ ಬರೋದ್ರಾಗ ಊಟದ ಟೈಮ್ ಆಗಿತ್ತು, ಜಲ್ದಿ ಹೇಳಮ್ಮ ಅಂದ್ರು. ಕಾಕಾ ಅಂದಂಗ ಮೊದಲೇ 23 ರೂಪಾಯಿ ಮಾತು ಹೇಳಿದೆ, ಒಬ್ಬರು ಖರೇನ ಮೊಬೈಲ್‌ದಾಗ ಭಾಗಿಸಿ ನೋಡಿದ್ರು, ಹಾದು ಹಾದು ಅಂದ್ರು. ಆಮ್ಯಾಲ ಎರಡು ಝೆರಾಕ್ಸ್ ಬಾಜು ಬಾಜು ಇಟ್ಟೆ, ನಾ ಬರೋಕಿಂತ ಹಿಂದಿನ ವರ್ಷದ ಜುಲೈ ತಿಂಗಳ ರಿಜಿಸ್ಟರ್ ಮತ್ತ ಹೋದ ಜುಲೈದು. ಹಳೇದ್ರಾಗ "ವಿದ್ಯಾರ್ಥಿಗೆ ಆರಾಮಿಲ್ಲ, ದವಾಖಾನೆಗೆ" ಅಂತ ಹನ್ನೊಂದು ಸಲ ಮಾಸ್ತರ್‌ಗಳ ಸಹಿ, ಹೋದ ಜುಲೈದಾಗ ಒಂದೇ. ನಾ ಏನೂ ಮಾತಾಡ್ಲಿಲ್ಲ, ಅವರೇ ಎಣಿಸಿದ್ರು.

ಪಿಟಿ ಮಾಸ್ತರ್ ಅಂದಿದ್ದ ಮೆಂಬರ್ ಇದ್ರಲ್ಲ, ಅವರೇ "ಹುಡುಗ ಸುಳ್ಳೇ ಹೊಟ್ಟಿ ಬ್ಯಾನಿ ಅಂತ ಬಂದ್ರ ಹೆಂಗ ಗೊತ್ತಾಗ್ತದ?" ಅಂತ ಕೇಳಿದ್ರು. ಒಬ್ಬ ಹುಡುಗ ಪ್ರತಿ ಸಲ ಗಣಿತ ಪಿರಿಯಡ್‌ಗೇ ಬರ್ತಿದ್ದ ರೀ, ಎಲ್ಲರೂ ನಾಟಕ ಅಂತಿದ್ರು, ಆರು ಮೀಟರ್ ದೂರ ನಿಲ್ಲಿಸಿ ಅಕ್ಷರದ ಚಾರ್ಟ್ ಓದಿಸಿದ್ರ ಮ್ಯಾಲಿನ ಎರಡು ಸಾಲು ಬಿಟ್ರ ಕಾಣವಲ್ದು, ಬೋರ್ಡಿನ ಮ್ಯಾಲಿನ ಲೆಕ್ಕ ಕಾಣಲಾರದ ಹೆದರಿ ಹೊಟ್ಟಿ ನೋಯ್ತಿತ್ತು ಅಂದೆ. ಗಣಿತ ಮಾಸ್ತರ್ರೆ, ನಿಮ್ಮ ಮಾತಿನಂಗ ಹೆಸರು ಹೇಳ್ಲಿಲ್ಲ. ಅದಕ್ಕ ಅವರು ಏನೂ ಅನ್ಲಿಲ್ಲ, ಚಾ ತರಸ್ರಿ ಅಂದ್ರು.

ಅಮೆರಿಕದ ಮಾತು ಎತ್ತಲೇ ಇಲ್ಲ.

ಒಂದ್ ವರ್ಷ ಮುಂದುವರಸ್ಯಾರ, ಪರ್ಮನೆಂಟ್ ಇಲ್ಲ, ಪಗಾರ ಅಷ್ಟೇ. ತಿಂಗಳಿಗಿ ಒಂದ್ ಪುಟ ರಿಪೋರ್ಟ್ ಕೊಡ್ಬೇಕಂತ. ಸಣ್ಣ ಫ್ರಿಜ್ ಕೇಳಿದ್ದೆ, ಮುಂದಿನ ವರ್ಷ ನೋಡಾಣು ಅಂದ್ರು, ಶಹಾಪುರದ ಅಕ್ಕನ ಮಡಕಿ ಕಥಿ ಹೇಳಿದೆ, ಎರಡು ಮಡಕಿ ತಗೋ ಬಿಲ್ ಕೊಡು ಅಂದಾರ.

ಗಣಿತ_ಮಾಸ್ತರ್ (ಔರಾದ್ ಕಡಿ)

ಸಿಸ್ಟರ್, ಆ ತಿಂಗಳ ರಿಪೋರ್ಟ್ ಹೆಂಗ್ ಮಾಡ್ತೀರಿ ಅಂತ ಒಂದ್ ಫೋಟೋ ಹಾಕ್ರಿ, ನಮ್ಮ ಹೆಡ್ ಮಾಸ್ತರ್‌ಗೂ ತೋರಸ್ತೀನಿ.

ಸಾಲಿ_ಸಿಸ್ಟರ್ (ಕಲಬುರಗಿ)

ಹಾಕ್ತೀನಿ ಸರ್, ಹೆಸರಿನ ಕಾಲಮ್ ಮುಚ್ಚಿ. ಎಷ್ಟು ಮಂದಿ ಬಂದ್ರು, ಎಷ್ಟು ಮಂದಿ ವಾಪಸ್ ಕ್ಲಾಸಿಗಿ ಹೋದ್ರು, ಎಷ್ಟು ಮಂದಿ ಮನಿಗಿ, ಯಾವ ಪಿರಿಯಡ್‌ದಾಗ ಬಂದ್ರು, ಇಷ್ಟೇ ಅದ. ಪಿರಿಯಡ್ ಕಾಲಮ್ ಮಾತ್ರ ಬಿಡಬ್ಯಾಡ್ರಿ.