ನೈಟ್ರಿಕ್ ಆಕ್ಸೈಡಿಗೆ ‘ಕಳುಹಿಸು’ ಒಗ್ಗುತ್ತದೆಯೇ?

ಕಡಲ ಬಸವನಹುಳುಗಳ ನರಮಂಡಲದ ಬಗ್ಗೆ ಲೇಖನವೊಂದನ್ನು ಬರೆಯುತ್ತಾ ಒಂದು ಕ್ರಿಯಾಪದದಲ್ಲಿ ಸಿಕ್ಕಿಕೊಂಡಿದ್ದೇನೆ. ಬಲ್ಲವರು ದಾರಿ ತೋರಿಸಬೇಕು.

ಮಾಮೂಲಿ ನರವಾಹಕಗಳು, ಅಂದರೆ ಕೋಶದಿಂದ ಕೋಶಕ್ಕೆ ಸುದ್ದಿ ಒಯ್ಯುವ ರಾಸಾಯನಿಕಗಳು, ನರಕೋಶದ ತುದಿಯಲ್ಲಿ ಪುಟ್ಟ ಚೀಲಗಳಲ್ಲಿ ತುಂಬಿರುತ್ತವೆ. ಚೀಲ ಬಾಯ್ತೆರೆದಾಗ ಹೊರಬಿದ್ದು ಎದುರಿನ ಕೋಶದ ಗ್ರಾಹಿಯನ್ನು ಸೇರುತ್ತವೆ. ಇದಕ್ಕೆ ‘ಕಳುಹಿಸು’, ‘ರವಾನಿಸು’, ‘ತಲುಪು’ ಎಲ್ಲವೂ ಸಲೀಸಾಗಿ ಹೊಂದುತ್ತವೆ. ನೈಟ್ರಿಕ್ ಆಕ್ಸೈಡ್ ಕೂಡ ಸುದ್ದಿ ಒಯ್ಯುತ್ತದೆ, ಆದರೆ ಹಾಗಲ್ಲ. ಅದು ಅನಿಲ, ಚೀಲದಲ್ಲಿ ಕೂಡಿಡಲು ಬಾರದು. ಬೇಕಾದ ಗಳಿಗೆಯಲ್ಲಿ ಆರ್ಜಿನಿನ್ ಎಂಬ ಅಮೈನೋ ಆಮ್ಲದಿಂದ ತಯಾರಾಗಿ, ಕೋಶದ ಪೊರೆಯನ್ನೇ ದಾಟಿ ಸುತ್ತಲೂ ಹೋಗುತ್ತದೆ, ಕೆಲವೇ ಸೆಕೆಂಡುಗಳಲ್ಲಿ ಇಲ್ಲವಾಗುತ್ತದೆ. ಅದನ್ನು ಹಿಡಿಯಬಲ್ಲ ಗ್ವಾನಿಲಿಲ್ ಸೈಕ್ಲೇಸ್ ಎಂಬ ಕಿಣ್ವವಿರುವ ಕೋಶ ಎಚ್ಚೆತ್ತುಕೊಳ್ಳುತ್ತದೆ. ವಿಳಾಸವೇ ಇಲ್ಲದ್ದನ್ನು ‘ಕಳುಹಿಸಿತು’ ಎನ್ನುವುದು ಹೇಗೆ?

ನನ್ನನ್ನು ನಿಲ್ಲಿಸಿದ್ದು ಕಡಲ ಮೊಲ, ಅಂದರೆ ಅಪ್ಲೀಸಿಯಾ ಎಂಬ ಕಡಲ ಬಸವನಹುಳು. ಇದರ ಕೆಲವು ನರಕೋಶಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು. ಆರ್2 ಎಂಬ ಕೋಶದ ಒಡಲು ಸುಮಾರು 1 ಮಿ.ಮೀ. ಇರುತ್ತದೆ. ಕಡಲ ಮೊಲದ ತಲೆಯ ನರಗಂಟಿನಲ್ಲಿರುವ (ನರಕೋಶಗಳ ಗೊಂಚಲಿನಲ್ಲಿರುವ) ಸಿ2 ಎಂಬ ಇನ್ನೊಂದು ಕೋಶ ಮಾಮೂಲಿ ನರವಾಹಕವಾದ ಹಿಸ್ಟಮಿನ್ ಮತ್ತು ನೈಟ್ರಿಕ್ ಆಕ್ಸೈಡ್ ಎರಡನ್ನೂ ಬಳಸಿ ನೆರೆಯ ಕೋಶವನ್ನು ಪ್ರಚೋದಿಸುತ್ತದೆ. ಒಂದೇ ಕೋಶ, ಎರಡು ಬಗೆಯ ಮಾತು. ನನ್ನ ವಾಕ್ಯ ಹೀಗಿದೆ: ‘ಸಿ2 ಹಿಸ್ಟಮಿನ್ ಅನ್ನು ಕಳುಹಿಸುತ್ತದೆ, ನೈಟ್ರಿಕ್ ಆಕ್ಸೈಡ್ ಅನ್ನು ____’.

(‘ನರಗ್ರಂಥಿ’ ಎಂದು ಬೇಕೆಂದೇ ಬರೆಯಲಿಲ್ಲ. ಗ್ರಂಥಿಗೆ ಗಂಟು ಎಂಬ ಅರ್ಥವಿದ್ದರೂ ಇಂದಿನ ಓದುಗರಿಗೆ ರಸ ಸ್ರವಿಸುವ ಅಂಗವೇ ನೆನಪಾಗುತ್ತದೆ.)

‘ವಿಸರಿಸು’ ಪಠ್ಯಪುಸ್ತಕದ ಪದ. ತಪ್ಪಿಲ್ಲ, ಆದರೆ ಅದರಲ್ಲಿ ಸುದ್ದಿಯ ಸುಳಿವಿಲ್ಲ; ಶಾಯಿ ನೀರಿನಲ್ಲಿ ಕರಗಿದರೂ ವಿಸರಣೆಯೇ. ನನ್ನ ಒಲವು ‘ಹಬ್ಬಿಸು’ ಕಡೆಗೆ. ಓಲೆ ತಲುಪುತ್ತದೆ, ಸುದ್ದಿ ಹಬ್ಬುತ್ತದೆ: ಈ ಎರಡು ಕೋಶಭಾಷೆಗಳ ವ್ಯತ್ಯಾಸವನ್ನು ಕನ್ನಡ ಆಗಲೇ ಎರಡು ಕ್ರಿಯಾಪದಗಳಲ್ಲಿ ಇಟ್ಟುಕೊಂಡಿದೆ ಎನಿಸುತ್ತದೆ. ಹಾಗಾದರೆ ಈ ಇಡೀ ಪ್ರಕ್ರಿಯೆಗೆ ‘ಹಬ್ಬುಸಂಕೇತ’ ಎನ್ನಬಹುದೇ? ಅರಿಸಮಾಸ ಎಂದು ಆಕ್ಷೇಪಿಸುವವರು ಇರಬಹುದು, ಅದಕ್ಕೆ ನಾನು ಅಂಜುವುದಿಲ್ಲ. ನನ್ನ ಅಳುಕು ಬೇರೆ. ಬಳ್ಳಿಯೂ ಹಬ್ಬುತ್ತದೆ, ತೀರಾ ನಿಧಾನವಾಗಿ. ಹಬ್ಬಿದ ಬಳ್ಳಿ ಉಳಿಯುತ್ತದೆ ಕೂಡ. ಸೆಕೆಂಡುಗಳಲ್ಲಿ ಅಳಿಯುವ ಅನಿಲಕ್ಕೆ ಆ ನೆನಪು ಭಾರವಾದೀತೇ? ‘ಸೂಸು’ ಎಂದರೆ ಕ್ಷಣಿಕತೆ ಬರುತ್ತದೆ, ಆದರೆ ಕೇಳಿಸಿಕೊಳ್ಳುವವರು ಮಾಯವಾಗುತ್ತಾರೆ.

ಬಿಟ್ಟ ಸ್ಥಳದಲ್ಲಿ ನೀವಾದರೆ ಏನು ಬರೆಯುತ್ತೀರಿ?