ಮಂಡಿ ಮುಟ್ಟೋ ಎಕ್ಸರ್‌ಸೈಜ್ ಮಾಡಿದ್ರೆ ಓದೋಕೆ ಬರುತ್ತಾ?

ಪುಟ್ಟಿಯಮ್ಮ:
ಮಗಳಿಗೆ 8 ವರ್ಷ. ಬಾಯಲ್ಲಿ ಕೇಳಿದ್ರೆ ಎಲ್ಲಾ ಪಟಪಟ ಹೇಳ್ತಾಳೆ, ಓದೋಕೆ ಕೂತ್ರೆ ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಡ್ತಾಳೆ, ಪೆನ್ಸಿಲ್ ಒತ್ತೋ ಜೋರಿಗೆ ಹಾಳೆನೇ ಹರಿದುಹೋಗುತ್ತೆ, ಶೂ ಲೇಸ್ ಇನ್ನೂ ನಾನೇ ಕಟ್ಬೇಕು. ಒಬ್ರು ಟ್ರೈನರ್ ಬಲಗೈನ ಎಡ ಮಂಡಿಗೆ, ಎಡಗೈನ ಬಲ ಮಂಡಿಗೆ ಮುಟ್ಟಿಸಿ, ಮಿದುಳಿನ ಎರಡೂ ಭಾಗ ಕನೆಕ್ಟ್ ಆಗುತ್ತೆ ಅಂದ್ರು. 2 ತಿಂಗಳಾಯ್ತು, ಮಂಡಿ ಮುಟ್ಟೋದ್ರಲ್ಲಿ ಎಕ್ಸ್‌ಪರ್ಟ್ ಆಗಿದಾಳೆ, ಓದು ಮಾತ್ರ ಇದ್ದಲ್ಲೇ ಇದೆ. ನಾನೇ ಸರಿಯಾಗಿ ಮಾಡಿಸ್ತಿಲ್ವಾ?

ಓಟಿ ಅಕ್ಕ:
ನಾನು ಓಟಿ, ಅಂದ್ರೆ ಆಕ್ಯುಪೇಷನಲ್ ಥೆರಪಿಸ್ಟ್, ದಿನನಿತ್ಯದ ಕೆಲಸ ಮಾಡೋಕೆ ಕಷ್ಟಪಡೋರಿಗೆ ಅದನ್ನ ಕಲಿಸೋಳು. ನಿಮ್ದೇನೂ ತಪ್ಪಿಲ್ಲ ರೀ. ಇದು ಬ್ರೇನ್ ಜಿಮ್, 1980ರ ದಶಕದಲ್ಲಿ ಅಮೆರಿಕದ ಪಾಲ್ ಡೆನ್ನಿಸನ್ ಶುರು ಮಾಡಿದ್ದು. ಮಿದುಳಿನ ಎರಡು ಭಾಗಗಳ ಮಧ್ಯೆ ಕಾರ್ಪಸ್ ಕ್ಯಾಲೋಸಮ್ ಅಂತ ಸುಮಾರು 20 ಕೋಟಿ ನರತಂತುಗಳ ಸೇತುವೆ ಮೊದಲಿಂದಾನೇ ಇರುತ್ತೆ, ಮಂಡಿ ಮುಟ್ಟಿ ಕಟ್ಟೋ ಅವಶ್ಯಕತೆ ಇಲ್ಲ. ಇದ್ರಿಂದ ಓದು ಸುಧಾರಿಸುತ್ತೆ ಅನ್ನೋದಕ್ಕೆ ಸಂಶೋಧನೆಗಳನ್ನ ಪರಿಶೀಲಿಸಿದವರಿಗೆ ಗಟ್ಟಿ ಪುರಾವೆ ಸಿಕ್ಕಿಲ್ಲ.
ನನಗನ್ನಿಸೋದು ಇಲ್ಲಿ ಎರಡು ವಿಷಯ ಇದೆ. ಓದೋದ್ರಲ್ಲಿ ಕಷ್ಟ ಅಂದ್ರೆ ಸಾಮಾನ್ಯವಾಗಿ ಶಬ್ದಕ್ಕೂ ಅಕ್ಷರಕ್ಕೂ ಗಂಟು ಬೀಳದೇ ಇರೋದು, ಕನ್ನಡದಲ್ಲಂತೂ 'ಸ್ತ್ರೀ' ಅನ್ನೋ ಒಂದೇ ಅಕ್ಷರದೊಳಗೆ ಸ, ತ, ರ, ಈ ನಾಲ್ಕೂ ಕೂತಿರುತ್ತೆ, ಅದನ್ನ ಬಿಡಿಸಿ ಜೋಡಿಸಿ ದಿನಾ ಸ್ವಲ್ಪ ಸ್ವಲ್ಪ ಓದಿಸ್ಬೇಕು. ಲೇಸು, ಪೆನ್ಸಿಲ್ಲು ಬೇರೆ. 100 ಮಕ್ಕಳಲ್ಲಿ 5-6 ಮಕ್ಕಳಿಗೆ ಡಿಸ್ಪ್ರಾಕ್ಸಿಯಾ, ಅಂದ್ರೆ ಕೈಕಾಲಿನ ಚಲನೆ ಹೊಂದಿಸ್ಕೊಳ್ಳೋಕೆ ಕಷ್ಟ ಆಗೋ ತೊಂದರೆ ಇರುತ್ತೆ, ಓದಿನ ತೊಂದರೆ ಜೊತೆಗೂ ಬರಬಹುದು. ಅದಕ್ಕೂ ಮಂಡಿ ಮುಟ್ಟೋದಲ್ಲ, ಲೇಸ್ ಕಟ್ಟೋದನ್ನ ಕಲಿಸ್ಬೇಕಂದ್ರೆ ಲೇಸ್ ಕಟ್ಟೋದನ್ನೇ ಹಂತ ಹಂತವಾಗಿ ಪ್ರಾಕ್ಟೀಸ್ ಮಾಡಿಸ್ಬೇಕು. ಮೊದಲು ಕಣ್ಣು, ಕಿವಿ ಟೆಸ್ಟ್ ಆಗಿದ್ಯಾ?

ಹುಡುಗರಪ್ಪ:
ಅಷ್ಟು ಸುಲಭವಾಗಿ ತಳ್ಳಿಹಾಕ್ಬೇಡಿ ಮೇಡಂ, ನನ್ ಮಗ ಇದನ್ನ ಮಾಡಿದ್ಮೇಲೆ ಹೋಮ್‌ವರ್ಕ್‌ಗೆ ನೆಟ್ಟಗೆ ಕೂರ್ತಾನೆ, ಕಣ್ಣಾರೆ ನೋಡಿದೀನಿ.

ಓಟಿ ಅಕ್ಕ:
ಕೂರ್ತಾನೆ, ನಂಬ್ತೀನಿ. 20 ನಿಮಿಷ ನಡೆದ ಮೇಲೆ ಮಕ್ಕಳ ಗಮನ ಚೆನ್ನಾಗಿತ್ತು ಅಂತ 2009ರ ಒಂದು ಸಣ್ಣ ಸ್ಟಡೀಲೂ ಬಂದಿದೆ. ಆದ್ರೆ ಅದಕ್ಕೆ ಕುಂಟಾಬಿಲ್ಲೆ ಆಡಿದ್ರೂ ಆಗುತ್ತೆ. ಮೈ ಬೆಚ್ಚಗಾಗಿ ಗಮನ ಬರೋದು ಬೇರೆ, ಒತ್ತಕ್ಷರ ಓದೋಕೆ ಬರೋದು ಬೇರೆ.

ಪುಟ್ಟಿಯಮ್ಮ:
ಕಣ್ಣು ನೋಡ್ಸಿದೀವಿ, ಸರಿ ಇದೆ, ಕಿವಿ ನೋಡ್ಸಿಲ್ಲ. ಈ ವಾರಾನೇ ಹೋಗ್ತೀವಿ. ಈಗ ತಾನೆ 'ಸ್ತ್ರೀ' ಬಿಡಿಸಿ ತೋರಿಸ್ದೆ, "ಇಷ್ಟೊಂದು ಜನ ಒಳಗೆ ಇದಾರಾ" ಅಂದ್ಲು 😄