ಬದುವಿನ ಗಿಡದಲ್ಲಿರುವ ಪರಭಕ್ಷಕ ನುಸಿ: ಬದು ಸವರಬೇಕಾ, ಬಿಡಬೇಕಾ? ಅನುಭವ ಇದ್ದವರು ಹೇಳಿ

ಬದನೆ ಸಾಲು (ಪ್ರಶ್ನೆ): ತೋಟದ ಸುತ್ತ ಹರಳು, ಕಾಡುಬಳ್ಳಿ, ಪೊದೆ ಬೆಳೆದಿವೆ. ಮಳೆ ನಿಂತ ಹೊಸದರಲ್ಲಿ ಎಲೆಯಡಿ ಸರಸರ ಓಡುವ ಹೊಳಪಿನ ನುಸಿಗಳಿದ್ದವು, ಕೆಂಪು ನುಸಿಯನ್ನು ತಿನ್ನುವ ಪರಭಕ್ಷಕಗಳು. ಬಿಸಿಲೇರಿದ ಮೇಲೆ ಕಾಣುತ್ತಿಲ್ಲ. ಬೆಳೆಗೆ ಕೆಂಪು ನುಸಿ ಬೀಳುವ ಹೊತ್ತು ಬಂತು. ಬದು ಸವರಿಬಿಡಲಾ?

ಗುಲಾಬಿ ತೋಟ: ಸವರಲೇಬೇಡಿ. ನಾನು ಊರಲ್ಲಿಲ್ಲದಾಗ ನನ್ನ ಪಾಲುದಾರ ಬೇಲಿಯ ಪೊದೆಯನ್ನೆಲ್ಲ ಬುಡಸಮೇತ ತೆಗೆಸಿದ. ಮೊದಲು ಅಂಚಿನ ಸಾಲಿನ ಎಲೆ ಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ, ಆಮೇಲೆ ಚಿಗುರಿಗೆ ಬಲೆ, ಕೊನೆಗೆ ಮೊಗ್ಗೇ ಸುತ್ತಿಕೊಂಡಿತು. ಅವನೇ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಹೊಡೆಸಿದ. ಉಳಿದಿದ್ದ ಪರಭಕ್ಷಕಗಳೂ ಸತ್ತವು, ಕೆಂಪು ನುಸಿ ಇನ್ನಷ್ಟು ಏರಿತು. ಆಮೇಲೆ ನುಸಿನಾಶಕ, ಅದು ನಾಟದೆ ಇನ್ನೊಂದು. ಎಲೆಯಡಿಗೆ ಔಷಧಿ ತಾಗಿಸಲು ಪ್ರತಿ ರೆಂಬೆ ಎತ್ತಿ ಹಿಡಿಯಲು ಬೇರೆ ಆಳು. ಆ ಕೊಯ್ಲಿನ ಹೂವು ಯಾರಿಗೂ ಬೇಡವಾಯಿತು, ಗಿಡ ಬುಡಕ್ಕೆ ಕತ್ತರಿಸಿ ಹೊತ್ತು ಹಾಕಿಸಿದೆವು. ಇವತ್ತಿಗೂ ಅವನ ಜೊತೆ ಮಾತಿಲ್ಲ.

ಹಸಿರುಮನೆ ಸೌತೆ: ಎಲ್ಲ ಕಡೆ ಅದೇ ಕಥೆ ಹೇಳಬೇಡಿ. ನಮಗೆ ಕೆಂಪು ನುಸಿ ಇಳಿದದ್ದೇ ಬಾಗಿಲ ಪಕ್ಕದ ಹರಳಿನಿಂದ, ಎಲೆ ತಿರುಗಿಸಿ ಕಣ್ಣಾರೆ ನೋಡಿದ್ದೇನೆ. ಸುತ್ತ ಒಂದು ಕಡ್ಡಿ ಕಳೆ ಬಿಡುವುದಿಲ್ಲ, ಪರ್ಸಿಮಿಲಿಸ್ ಎಂಬ, ಡಬ್ಬಿಯಲ್ಲಿ ಮಾರುವ ಪರಭಕ್ಷಕ ನುಸಿ ತರಿಸಿ ಬಿಡುತ್ತೇನೆ. ಅದಕ್ಕೂ ಕಷ್ಟ ಪಟ್ಟಿದ್ದೇನೆ. ದಾರಿಯಲ್ಲಿ ಬಿಸಿಯಾಗಿ ಡಬ್ಬಿಗಟ್ಟಲೆ ಸತ್ತೇ ಬಂದವು. ಬದುಕಿದವು ಮೊಟ್ಟೆಯಿಟ್ಟರೂ ಒಣಗಾಳಿಗೆ ಒಡೆಯಲಿಲ್ಲ. ತೇವಾಂಶ ಶೇ. 60ಕ್ಕಿಂತ ಕೆಳಗಿಳಿದರೆ ಆ ಮೊಟ್ಟೆ ಸುಕ್ಕುಗಟ್ಟುತ್ತದೆ. ಮಂಜು ಹನಿಸುವ ಪೈಪ್ ಎಳೆಸಿದ ಮೇಲೆಯೇ ಹಿಡಿತಕ್ಕೆ ಬಂತು. ಈಗ ನಮ್ಮ ಬೆಳೆ ನೋಡಲು ಜನ ಬರುತ್ತಾರೆ.

ದ್ರಾಕ್ಷಿ ಚಪ್ಪರ: ಪರ್ಸಿಮಿಲಿಸ್ ಕೆಂಪು ನುಸಿಯಂಥ ಬಲೆ ಕಟ್ಟುವ ನುಸಿ ಬಿಟ್ಟು ಬೇರೇನೂ ನೆಚ್ಚಿ ಬದುಕುವುದಿಲ್ಲ. ಅದು ಖಾಲಿಯಾದರೆ ಇದೂ ಖಾಲಿ, ಮತ್ತೆ ತರಿಸಬೇಕು. ಬದುವಿನ ಯೂಸಿಯಸ್ ಜಾತಿಯ ಪರಭಕ್ಷಕ ನುಸಿಗಳು ಪರಾಗ ತಿಂದೇ ಸಂತಾನ ಬೆಳೆಸುತ್ತವೆ. ಹೂ ಇರುವಷ್ಟು ಕಾಲ ತುಂಬಿರುತ್ತವೆ, ಹೂ ಉದುರಿ ಒಣಹವೆ ಬಂದರೆ ಇಳಿಯುತ್ತವೆ. ಕಾಣದಿದ್ದ ಮಾತ್ರಕ್ಕೆ ಇಲ್ಲವೆಂದಲ್ಲ. ನಾಳಗಳು ಕವಲೊಡೆಯುವ ಮೂಲೆಯಲ್ಲಿ ರೋಮದ ಗುಚ್ಛವಿರುವ ಎಲೆ ಹುಡುಕಿ, ಭೂತಗನ್ನಡಿ ಹಿಡಿಯಿರಿ. ದುಂಡು ಮೊಟ್ಟೆ ಕೆಂಪು ನುಸಿಯದು, ಉದ್ದುದ್ದ ಮೊಟ್ಟೆ ಪರಭಕ್ಷಕದ್ದು. ಚಳಿ ಜೋರಿರುವ ಕಡೆ ಪರಭಕ್ಷಕದ ಹೆಣ್ಣು ನುಸಿ ತೊಗಟೆ ಸಂದಿಯಲ್ಲಿ ಕಾಲ ಕಳೆಯುತ್ತದೆ. ನಮ್ಮ ಚಪ್ಪರದ ಹಳೆ ತೊಗಟೆ ಸುಲಿಯಲು ನಾನು ಬಿಡುವುದಿಲ್ಲ, ಮನೆಯವರು ಎಷ್ಟು ಬೈದರೂ.

ಹಸಿರುಮನೆ ಸೌತೆ: ಪರಾಗ ತಿನ್ನುವುದು ಹೂವಿನಲ್ಲೇ ಕೂತಿರುತ್ತದೆ, ನನ್ನ ಸೌತೆಗೆ ಯಾಕೆ ಬರುತ್ತದೆ? ಬಲೆ ದಟ್ಟವಾದರೆ ಒಳಗೆ ನುಗ್ಗುವ ತಾಕತ್ತೂ ಅದಕ್ಕಿಲ್ಲ.

ದ್ರಾಕ್ಷಿ ಚಪ್ಪರ: ಬಲೆ ದಟ್ಟವಾಗುವ ತನಕ ಕಾಯುವವರಿಗೆ ನಾನು ಹೇಳುತ್ತಿಲ್ಲ. ಗಾಳಿಯಲ್ಲಿ ತೇಲಿ ಬರುತ್ತವೆ, ತಾಗಿದ ಎಲೆಗಳ ಮೇಲೆ ನಡೆದೂ ಬರುತ್ತವೆ. ಮುಚ್ಚಿದ ಮನೆಯಲ್ಲಿ ಕೂತವರಿಗೆ ಅದು ಕಾಣುವುದು ಹೇಗೆ?

ಟೊಮೆಟೊ ಬೆಳೆ: ಇಬ್ಬರೂ ಬಿಡ್ರಪ್ಪ. ಟೊಮೆಟೊ ಹಾಕಿದವರ ಕಷ್ಟ ಯಾರಿಗೂ ಬೇಡ. ಕಾಂಡದ ಅಂಟುರೋಮಕ್ಕೆ ಪರ್ಸಿಮಿಲಿಸ್ ಸಿಕ್ಕಿ ಸಾಯುತ್ತದೆ. ಮಾರಿದವರು ಅದನ್ನು ಒಂದು ಮಾತು ಹೇಳಲಿಲ್ಲ. ಎರಡನೇ ಸಲ ತರಿಸಿ ಅಂದರು, ತರಿಸಿದೆ, ಅದೂ ಅಂಟಿಕೊಂಡಿತು. ಕೊನೆಗೆ ಗಂಧಕ ಹೊಡೆದೇ ಬೆಳೆ ಉಳಿಸಿಕೊಂಡೆ.

ಗುಲಾಬಿ ತೋಟ: ಗಂಧಕವಾ? ಹೊಡೆದ ಮೇಲೆ ಬದುವಿನ ಎಲೆ ತಿರುಗಿಸಿ ನೋಡಿದ್ದೀರಾ? ಎಷ್ಟೋ ಜಾತಿಯ ಪರಭಕ್ಷಕಕ್ಕೆ ಅದು ವಿಷ.

ದ್ರಾಕ್ಷಿ ಚಪ್ಪರ: ಎಲ್ಲಕ್ಕೂ ಅಲ್ಲ ತಾಯಿ. ವರ್ಷಗಟ್ಟಲೆ ಗಂಧಕ ಬಿದ್ದ ದ್ರಾಕ್ಷಿಯಲ್ಲಿ ಅದನ್ನು ತಡೆದುಕೊಳ್ಳುವ ಸಂತತಿಗಳಿವೆ.

ಟೊಮೆಟೊ ಬೆಳೆ: ದ್ರಾಕ್ಷಿಯ ಮಾತು ದ್ರಾಕ್ಷಿಗೆ. ನನ್ನ ಬೆಳೆ ಒಣಗುವಾಗ ನೀವ್ಯಾರೂ ಬಂದು ಎಲೆ ತಿರುಗಿಸಿರಲಿಲ್ಲ.

ಬದನೆ ಸಾಲು: ಬಿಳಿ ಹಾಳೆ ಹಿಡಿದು ಹರಳಿನ ಕೊಂಬೆ ತಟ್ಟಿದೆ. ಓಡುವವೂ ಬಿದ್ದವು, ನಿಧಾನಕ್ಕೆ ತೆವಳುವವೂ ಬಿದ್ದವು. ಅಂದರೆ ಸವರಬೇಕಾ, ಬೇಡವಾ?

ಹಸಿರುಮನೆ ಸೌತೆ: ತೆವಳುವುದೇ ಕೆಂಪು ನುಸಿ. ನಾನು ಹೇಳಿದ್ದು ಅದನ್ನೇ.

ಗುಲಾಬಿ ತೋಟ: ಓಡುವುದು ಅದನ್ನು ತಿನ್ನಲೆಂದೇ ಅಲ್ಲಿದೆ. ನಾನು ಹೇಳಿದ್ದು ಇದನ್ನೇ.